ಸಿಂದಗಿ ರಸ್ತೆಗೆ ಹೊಂದುವ ಗಾಲಿ

ಏಪ್ರಿಲ್ ೨೭, ರವಿವಾರ

ಪಲ್ಲವಿ ಸಿಂದಗಿಗೆ ಬಂದಳು. ಸೋಲಾಪುರದ ಬಸ್ಸಿಗೆ ವಿಜಯಶ್ರೀಯೇ ಕರೆತಂದು ಬಿಟ್ಟು, ಒಂದು ಕಪ್ ಚಹಾ ಕುಡಿದು, ಸಂಜೆಯ ಬಸ್ಸಿಗೇ ವಾಪಸು ಹೋದಳು. ನನ್ನ ಹೆಂಡತಿ ಗೌತಮಿ ತೀರಿಕೊಂಡಾಗ ಅವಳ ತಂಗಿ ಇದೇ ವಿಜಯಶ್ರೀ, "ಅಕ್ಕನ ಕೂಸು ಒಂದ್ ವರ್ಷ ನನ್ನ ಕಡೆ ಇರ್ಲಿ ಮಾಮಾ" ಎಂದು ಪುಣೆಗೆ ಕರೆದುಕೊಂಡು ಹೋದವಳು. ಆ ಒಂದು ವರ್ಷ ಈಗ ನಾಲ್ಕಾಗಿದೆ. ಕಳಿಸಿಕೊಟ್ಟವನು ನಾನೇ ಇರಬಹುದು. ಆದರೆ ಹೆಂಡತಿ ಹೋದ ಗಂಡಸಿಗೆ ಮಗಳಾದರೂ ಬೇಕು ಎಂಬುದು ಕರೆದುಕೊಂಡು ಹೋದವರಿಗೆ ಹೊಳೆಯಬಾರದೇ?

ಈ ಸಲ ಬಿಡುವುದಿಲ್ಲ. ಇಲ್ಲಿಯ ಶಾಲೆಗಳು ಮೇ ೨೯ಕ್ಕೆ ಶುರುವಾಗುತ್ತವೆ. ಒಂಬತ್ತನೆಯ ತರಗತಿಗೆ ಪಲ್ಲವಿಯನ್ನು ಇಲ್ಲೇ ಹಾಕುವುದೆಂದು ನಿಶ್ಚಯ ಮಾಡಿದ್ದೇನೆ. ವಿಜಯಶ್ರೀ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ್ದು ಇಷ್ಟೇ: "ಹುಡುಗಿ ಇರ್ತೇನಿ ಅಂದ್ರ ಇಟ್ಗೊಳ್ರಿ. ನಾ ಅಡ್ಡ ಬರಂಗಿಲ್ಲ. ಒತ್ತಾಯ ಮಾತ್ರ ಮಾಡಬ್ಯಾಡ್ರಿ ಮಾಮಾ."

ಒತ್ತಾಯ ಯಾಕೆ ಮಾಡಲಿ? ನನ್ನ ಮಗಳು.

ಬ್ಯಾಗಿನ ಜೊತೆ ಬಗಲಲ್ಲಿ ಒಂದು ಸ್ಕೇಟ್‌ಬೋರ್ಡ್ ತಂದಿದ್ದಾಳೆ. ಎರಡು ಮೊಳದ ಹಲಗೆ, ಕೆಳಗೆ ನಾಲ್ಕು ಪುಟ್ಟ ಗಾಲಿ. ಅದನ್ನು ಕಾಟಿನ ಪಕ್ಕ ಗೋಡೆಗೆ ಆನಿಸಿ, ಅದರ ಕಡೆಗೇ ಮುಖ ಮಾಡಿ ಮಲಗಿದಳು. "ರೊಟ್ಟಿ ಉಣ್ತಿ ಏನವಾ, ಅನ್ನ ಮಾಡ್ಲಿ?" ಎಂದೆ. "ಏನಿದ್ರೂ ನಡೀತೈತಿ" ಎಂದಳು. ಮೂಗು ಮುಟ್ಟಿ ದನದ ಜ್ವರ ಹೇಳಬಲ್ಲೆ, ಇಪ್ಪತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಅದನ್ನೇ ಮಾಡಿದ್ದೇನೆ. ಮಗಳಿಗೆ ಊಟ ಸೇರಿತೋ ಇಲ್ಲವೋ ಗೊತ್ತಾಗಲಿಲ್ಲ.

ಮನೆಯಲ್ಲಿ ಇನ್ನೊಬ್ಬರು ಓಡಾಡುವ ಸಪ್ಪಳ ಕೇಳಿ ಬಹಳ ಕಾಲವಾಗಿತ್ತು. ಆದರೂ ಮನೆ ತುಂಬಿತು ಎನಿಸಲಿಲ್ಲ. ಒಂಟಿಯಾಗಿ ಇರುವವರು ಒಬ್ಬರಿದ್ದದ್ದು ಇಬ್ಬರಾದೆವು, ಅಷ್ಟೇ.

ಏಪ್ರಿಲ್ ೩೦, ಬುಧವಾರ

ಬಸವ ಜಯಂತಿ, ರಜೆ. ಎತ್ತುಗಳ ಮೆರವಣಿಗೆ ನಮ್ಮ ಓಣಿ ದಾಟಿ ಹೋದ ಮೇಲೆ ಪಲ್ಲವಿ ಹಲಗೆ ಹಿಡಿದು ಹೊರಗೆ ಇಳಿದಳು. ನಾನು ಕಿಟಕಿಯಿಂದ ನೋಡಿದೆ.

ನಮ್ಮ ಓಣಿಯ ರಸ್ತೆ ಹೋದ ವರ್ಷವಷ್ಟೇ ಆದದ್ದು. ಮೇಲಿನ ಡಾಂಬರು ಆಗಲೇ ಎದ್ದುಹೋಗಿ ಅಡಿಯ ಜಲ್ಲಿ ಖಡಿ ಹಲ್ಲು ಕಿರಿಯುತ್ತಿದೆ. ಅದರ ಮೇಲೆ ಆ ಪುಟ್ಟ ಗಾಲಿ ಉರುಳಿದ ಸದ್ದಿಗೆ ಪಕ್ಕದ ಮನೆಯ ಜೋಹರಾಬಿ ಬಾಗಿಲು ತೆರೆದು, "ಯಾವ ಗಿರಣಿ ಶುರು ಆತೋ ಪರಶು?" ಎಂದು ಕೇಳಿದಳು. ಹತ್ತು ಮಾರು ಹೋಗುವುದರಲ್ಲಿ ಒಂದು ಖಡಿಗೆ ಸಿಕ್ಕಿ ಹಲಗೆ ಅಲ್ಲೇ ನಿಂತಿತು, ಪಲ್ಲವಿ ಮಾತ್ರ ಮುಂದೆ ಓಡಿದಳು. ಓಣಿಯ ಹುಡುಗರು ಚಪ್ಪಾಳೆ ತಟ್ಟಿ ನಕ್ಕರು.

ಒಳಗೆ ಬಂದು, "ಇಲ್ಲೆ ಇದು ಆಗೂದಿಲ್ಲ" ಎಂದಳು.

"ಇದು ಅಂದ್ರ?"

ಹಲಗೆಯನ್ನು ಮತ್ತೆ ಗೋಡೆಗೆ ಆನಿಸಿಟ್ಟಳು. ಬಂದಾಗಿನಿಂದ ನನ್ನನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. ಹತ್ತಿರ ಬಂದು ನಿಲ್ಲುತ್ತಾಳೆ, ನಾನು ತಿರುಗಿ ನೋಡುವವರೆಗೆ ಕಾಯುತ್ತಾಳೆ.

ಅವಳು ಸ್ನಾನಕ್ಕೆ ಹೋದಾಗ ಹಲಗೆಯನ್ನು ಬೋರಲು ಹಾಕಿ, ಎತ್ತಿನ ಗೊರಸು ನೋಡುವ ಹಾಗೆ ಒಂದೊಂದೇ ಗಾಲಿ ನೋಡಿದೆ. ಇಂಡಿ ತಾಲೂಕಿನ ನಿಂಬೆಹಣ್ಣಿನಷ್ಟು ಗಾತ್ರ. ಎರಡು ಗಾಲಿ ಒಂದು ಕಡೆ ಸವೆದು ಚಪ್ಪಟೆಯಾಗಿವೆ. ಸಮಸ್ಯೆ ಗೊತ್ತಾಯಿತು. ಗಾಲಿ ಹಾಳಾಗಿವೆ, ಹೊಸವು ಹಾಕಿದರೆ ಇಲ್ಲಿಯೂ ಓಡುತ್ತದೆ. ಇಲ್ಲಿ ಓಡಿದರೆ ಹುಡುಗಿ ಇಲ್ಲಿ ಇರುತ್ತಾಳೆ. ಇಷ್ಟು ಸಣ್ಣ ಕೆಲಸಕ್ಕೆ ಮೂರು ದಿನ ಸುಮ್ಮನೆ ತಲೆ ಕೆಡಿಸಿಕೊಂಡೆ.

ಮೇ ೩, ಶನಿವಾರ

ಇಲಾಖೆಯ ಸಭೆಗೆ ವಿಜಯಪುರಕ್ಕೆ ಹೋಗಿದ್ದೆ. ಸಭೆ ಮುಗಿಸಿ ಆಟದ ಸಾಮಾನಿನ ಅಂಗಡಿಗಳನ್ನು ಹುಡುಕಿದೆ. ಮೂರು ಅಂಗಡಿಯವರು ಸ್ಕೇಟ್‌ಬೋರ್ಡ್ ಗಾಲಿ ಎಂದೊಡನೆ ಕೇರಂ ಬೋರ್ಡ್ ತೋರಿಸಿದರು. ನಾಲ್ಕನೆಯವನು ಮಾಳಿಗೆ ಹತ್ತಿ ಧೂಳು ತಿಂದ ಡಬ್ಬಿ ಇಳಿಸಿದ. ಅದರಲ್ಲಿ ನಾಲ್ಕು ನಾಲ್ಕರ ಎರಡು ಜೊತೆ ಇದ್ದವು. ಒಂದರ ಮೇಲೆ ೭೮ ಎಂದು ಅಚ್ಚಾಗಿತ್ತು, ಇನ್ನೊಂದರ ಮೇಲೆ ೧೦೧.

ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಎಪ್ಪತ್ತೆಂಟರದು ಒಂದಿಷ್ಟು ಒತ್ತಿತು, ಹಸಿ ಬದನೆಕಾಯಿಯ ಹಾಗೆ. ನೂರಾ ಒಂದರದು ಅಳುಕಲಿಲ್ಲ. ಅಂಗಡಿಯವನೂ, "ಗಟ್ಟೀದ ಒಯ್ರಿ ಸರ್, ಬಾಳಿಕಿ ಬರ್ತಾವು. ಮೆತ್ತಗಿನ್ವು ನಮ್ಮ ರಸ್ತಾಕ ಎರಡ ದಿನಾನೂ ತಡ್ಯಂಗಿಲ್ಲ" ಎಂದ. ನನಗೂ ಅದೇ ಸರಿ ಎನಿಸಿತು. ಕೆಟ್ಟ ರಸ್ತೆಗೆ ಗಟ್ಟಿ ಗಾಲಿ ಬೇಕು ಎಂಬುದಕ್ಕೆ ಯಾರಾದರೂ ಪುಸ್ತಕ ಓದಬೇಕೇ? ಮೇಲಾಗಿ ನೂರಾ ಒಂದು. ಮದುವೆಯಲ್ಲಿ ಮುಯ್ಯಿ ಮಾಡುವ ಅಂಕಿ. ಶಕುನ ನಂಬುವವನಲ್ಲ ನಾನು, ಆದರೂ ಎಪ್ಪತ್ತೆಂಟು ಅಂಕ ತೆಗೆದವನನ್ನು ಬಿಟ್ಟು ನೂರಾ ಒಂದು ತೆಗೆದವನನ್ನೇ ಆರಿಸಿದೆ.

ಬಸ್ಸಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಮೇ ೫, ಸೋಮವಾರ

ನೂರಾ ಒಂದು ಅಂಕದ ಗಾಲಿ ಎರಡನೆಯ ದಿನಕ್ಕೆ ಸೀಳಿಹೋಯಿತು. ಸೀಳುವ ಮೊದಲು ಪಲ್ಲವಿಯ ಮೈಯಲ್ಲಿದ್ದ ಎಲುಬನ್ನೆಲ್ಲ ಅಲುಗಿಸಿ ನೋಡಿತು.

ಪಾಪ, ಪೊಟ್ಟಣ ಬಿಚ್ಚಿದಾಗಲೇ ಅವಳಿಗೆ ಗೊತ್ತಿತ್ತು. ಹೇಳಿದರೆ ನನಗೆ ಬೇಜಾರಾಗುತ್ತದೆಂದು ಸುಮ್ಮನೆ ಹಾಕಿಕೊಂಡು ಹೋಗಿದ್ದಳು. ಇವತ್ತು ಒಡೆದ ಗಾಲಿ ಕೈಯಲ್ಲಿ ಹಿಡಿದುಕೊಂಡು, ನಾನು ಓದುತ್ತಿದ್ದ ಪೇಪರಿನ ಮುಂದೆ ನಿಂತಳು.

"ಈ ನಂಬರ್ ಅಂದ್ರ ಎಷ್ಟು ಗಟ್ಟಿ ಅಂತ. ನಂಬರ್ ಹೆಚ್ಚಾದಂಗ ಗಟ್ಟಿ ಆಕ್ಕೋತ ಹೋಗ್ತಾವು. ಗಟ್ಟಿ ಇದ್ದದ್ದು ನುಣ್ಣನ ಸಿಮಿಟಿಗೆ. ಇಂಥಾ ರಸ್ತಾಕ ದೊಡ್ಡೂ ಬೇಕು, ಮೆತ್ತಗಿನ್ವು ಬೇಕು. ಖಡೀ ಮ್ಯಾಲ ಹತ್ತಿ ಇಳೀತಾವು."

ಬಂದ ಮೇಲೆ ಇಷ್ಟು ಮಾತು ಒಟ್ಟಿಗೆ ಆಡಿದ್ದು ಇದೇ ಮೊದಲು. ನಾನು ಗಾಲಿಯ ಬಗ್ಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದೆ, ಎರಡಕ್ಕೆ ಉತ್ತರ ಮೊದಲೇ ತಿಳಿದಿತ್ತು. ಮೊಬೈಲಿನಲ್ಲಿ ಅವಳೇ ತೋರಿಸಿಕೊಟ್ಟಳು, ಅರವತ್ತು ಮಿಲಿಮೀಟರಿನದು, ಎಪ್ಪತ್ತೆಂಟು. ತರಿಸಲು ಹೇಳಿದೆ.

ಊರೆಲ್ಲ ಗಟ್ಟಿಯಾದದ್ದನ್ನೇ ಕೊಳ್ಳುತ್ತೇವಲ್ಲ ನಾವು. ಬಕೆಟ್ಟು, ಚಪ್ಪಲಿ, ಹಗ್ಗ. ನಾನೊಬ್ಬನೇ ಮೂರ್ಖನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೇ ೧೦, ಶನಿವಾರ

ಇವತ್ತು ಅಕ್ಷರ ಸೊಟ್ಟಗಾದರೆ ಆಗಲಿ.

ನಿನ್ನೆ ಗಾಲಿ ಬಂದವು. ಪಲ್ಲವಿ ಜೋಹರಾಬಿಯ ಮನೆಗೆ ರೊಟ್ಟಿ ಬಡಿಯುವುದು ಕಲಿಯಲು ಹೋಗಿದ್ದಳು. ಬರುವುದರೊಳಗೆ ಹಾಕಿ ಇಡೋಣವೆಂದು ಆಸ್ಪತ್ರೆಯ ಜೀಪಿನ ನಟ್ಟು ಬಿಚ್ಚುವ ಪಾನಾ ತಂದು ನಾನೇ ಕೂರಿಸಿದೆ. ತಿರುಗಿಸಿದರೆ ಎಷ್ಟು ಚೆಂದ ತಿರುಗಿದವು. ಅವಳು ಬಂದು ನೋಡಿ, ಹಲಗೆಯನ್ನು ಕೈಯಲ್ಲಿ ಹಿಡಿದು ಒಂದೊಂದು ಗಾಲಿಯನ್ನೂ ತಿರುಗಿಸಿ, ಒಂದು ಸಣ್ಣ ನಗು ನಕ್ಕಳು. ಅಷ್ಟಕ್ಕೇ ನನಗೆ ಜಂಬ ಬಂತು.

ಇವತ್ತು ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಗೆ ಹೋದಳು. ಓಣಿಯ ಖಡಿಯ ಮೇಲೆ ಸದ್ದಿಲ್ಲದೆ ಹೋಯಿತು. ಜೋಹರಾಬಿ ಕೂಡ ಬಾಗಿಲು ತೆರೆಯಲಿಲ್ಲ. ಮೂಲೆಯಲ್ಲಿ ತಿರುಗಲು ಮೈ ಓಲಿಸಿದಳು. ದೊಡ್ಡ ಗಾಲಿಗೆ ಹಲಗೆಯ ಅಂಚು ತಾಗಿ ಒಮ್ಮೆಲೇ ಕಚ್ಚಿಕೊಂಡಿತು. ಹಲಗೆ ಅಲ್ಲೇ ನಿಂತಿತು, ನನ್ನ ಮಗಳು ಖಡಿಯ ಮೇಲೆ ಬಿದ್ದಳು.

"ಅಪ್ಪಾ" ಎಂದಳು.

ಓಡಿದೆ. ಮೊಣಕೈ ಕಿತ್ತು ರಕ್ತ ಬರುತ್ತಿತ್ತು, ಮಣಿಕಟ್ಟು ಊದಿತ್ತು. ಎತ್ತಿಕೊಂಡು ಮನೆಗೆ ತಂದವನೇ ಗಾಬರಿಯಲ್ಲಿ ನನ್ನ ಆಸ್ಪತ್ರೆಯ ಚೀಲದಿಂದ ನೇರಳೆ ಬಣ್ಣದ ಔಷಧಿ ತೆಗೆದೆ. ಅಳುತ್ತಿದ್ದವಳು ಬಾಟಲಿಯ ಮೇಲಿನ ಎತ್ತಿನ ಚಿತ್ರ ನೋಡಿ, "ನಾ ಏನ್ ಎಮ್ಮಿ ಏನು?" ಎಂದಳು. ಆಮೇಲೆ ಮನುಷ್ಯರ ದವಾಖಾನೆಗೆ ಹೋದೆವು. ಎಲುಬಿಗೆ ಏನೂ ಆಗಿಲ್ಲ. ಉಳುಕು ಅಷ್ಟೇ.

ದೊಡ್ಡ ಗಾಲಿ ಹಾಕಿದರೆ ಹಲಗೆ ಮತ್ತು ಅಚ್ಚಿನ ನಡುವೆ ದಪ್ಪನೆಯ ರಬ್ಬರ್ ಕೊಟ್ಟು ಎತ್ತರ ಮಾಡಬೇಕಂತೆ. ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ತಂದು ಹಾಕುವ ಸಂಭ್ರಮ ನನಗೆ ಬೇಕಾಗಿತ್ತು.

ವಿಜಯಶ್ರೀಗೆ ಫೋನು ಮಾಡಿ ಹೇಳಿದೆ. ಬೈಯುತ್ತಾಳೆಂದು ಕಾದೆ. "ಇಲ್ಲೆ ಮೂರ ಸಲ ಬಿದ್ದಾಳ ಮಾಮಾ. ಒಮ್ಮಿ ಪಲಸ್ತ್ರ ಹಾಕ್ಸೇವಿ. ರಾತ್ರಿ ಉಳುಕಿದ ಕೈ ತೆಳಗ ದಿಂಬು ಇಡ್ರಿ" ಎಂದಳು. ಪ್ಲಾಸ್ಟರ್ ಹಾಕಿಸಿದ್ದು ನನಗೆ ಗೊತ್ತೇ ಇರಲಿಲ್ಲ.

ಮೇ ೧೨, ಸೋಮವಾರ

ಬುದ್ಧ ಪೂರ್ಣಿಮೆ. ಯಂಕಂಚಿಯ ಬುದ್ಧವಿಹಾರಕ್ಕೆ ಹೋಗಿ ಬಂದೆವು. ಪಲ್ಲವಿ ಬಿಳಿ ಚೂಡಿದಾರ ಹಾಕಿದ್ದಳು, ಗೌತಮಿಯ ಎತ್ತರ ಬಂದುಬಿಟ್ಟಿದ್ದಾಳೆ. ಒಂದು ಕೈಯಲ್ಲೇ ಮೇಣದಬತ್ತಿ ಹಚ್ಚಿದಳು. ಖೀರು ಹಂಚುವಾಗ ಹೆಂಗಸರು, "ಇನ್ನ ಇಲ್ಲೆ ಇರಾಕಿ ಹೌದಲ್ಲ?" ಎಂದು ಕೇಳಿದರು. ನಾನು ಬಟ್ಟಲಿನ ಕಡೆ ನೋಡುತ್ತ ನಿಂತೆ.

ಹಲಗೆಯನ್ನು ಎತ್ತರಿಸಲು ಆಸ್ಪತ್ರೆಯ ಜವಾನ ಶಂಕ್ರೆಪ್ಪ ಬಂಡಿಯ ಹಳೆ ಟಾಯರಿನ ತುಂಡು ತಂದುಕೊಟ್ಟಿದ್ದಾನೆ. ಈ ಸಲ ಪಲ್ಲವಿ ಗೆರೆ ಎಳೆದುಕೊಟ್ಟಳು, ನಾನು ಕತ್ತರಿಸಿದೆ.

ಮೇ ೧೫, ಗುರುವಾರ

ಬೈಪಾಸಿನ ಆಚೆ ಹೊಲ ಒಡೆದು ಮನೆ ಕಟ್ಟಲು ಎನ್.ಎ. ಪ್ಲಾಟು ಹಾಕಿದ್ದಾರಲ್ಲ, ಅಲ್ಲಿಗೆ ಹೋಗಿದ್ದೆವು. ಬಸವನಬಾಗೇವಾಡಿಯವರು, ಮುದ್ದೇಬಿಹಾಳದವರು, ಎಲ್ಲೆಲ್ಲಿಯವರೋ ಪ್ಲಾಟು ಕೊಂಡು ನಂಬರ್ ಕಲ್ಲು ನೆಟ್ಟು ಹೋಗಿದ್ದಾರೆ, ಒಬ್ಬರೂ ಮನೆ ಕಟ್ಟಿಲ್ಲ. ರಸ್ತೆ ಮಾತ್ರ ಇವೆ, ಗಾಡಿ ಓಡದೆ ಒಳ್ಳೆಯ ಸ್ಥಿತಿಯಲ್ಲಿವೆ. ಮನೆಗಳಿಲ್ಲದ ಊರಿನ ರಸ್ತೆಗಳಲ್ಲಿ ನನ್ನ ಮಗಳೊಬ್ಬಳೇ ಉರುಳಿಕೊಂಡು ಹೋಗುತ್ತಿದ್ದಳು. ಜಾಲಿಕಂಟಿಯ ತಿರುವಿನವರೆಗೆ ಹೋಗಿ ಬರುತ್ತಿದ್ದಳು, ಒಂದು ಸದ್ದಿಲ್ಲ. ನಾನು ನಂಬರ್ ಕಲ್ಲಿನ ಮೇಲೆ ಕುಳಿತಿದ್ದೆ.

ಆಮೇಲೆ ನನ್ನನ್ನೂ ನಿಲ್ಲಿಸಿದಳು. "ಮೊಣಕಾಲ ಬಗ್ಗಸು. ನನ್ನ ಕೈ ಹಿಡ್ಕೋ. ಕೆಳಗ ನೋಡಬ್ಯಾಡ." ಉಳುಕದ ಕೈಯನ್ನು ಕೊಟ್ಟಳು. ನಲವತ್ತಾರು ವರ್ಷದ, ಹೊಟ್ಟೆ ಬಂದ ಪಶುವೈದ್ಯಕೀಯ ಪರೀಕ್ಷಕ ಮಗಳ ಕೈ ಹಿಡಿದು ಎಂಟು ಮಾರು ಉರುಳಿದ. ಬಿದ್ದೆ ಕೂಡ. ನಕ್ಕಳು. ಹಾದುಹೋಗುತ್ತಿದ್ದ ಕುರಿ ಕಾಯುವವನು ನಿಂತು ನೋಡಿದ, ನೋಡಲಿ.

ಇವತ್ತು ಬಹಳ ಸಂತೋಷವಾಗಿದೆ. ಬೇರೆ ಏನೂ ಬರೆಯುವುದಿಲ್ಲ.

ಮೇ ೧೭, ಶನಿವಾರ

ಇರುತ್ತಾಳೆ.

ಊಟಕ್ಕೆ ಕುಳಿತಾಗ ತಾನಾಗಿಯೇ ಹೇಳಿದಳು. ಅವಳೇ ಬಡಿದ ರೊಟ್ಟಿ, ಒಂದು ಕಡೆ ದಪ್ಪ, ಒಂದು ಕಡೆ ತೂತು. "ಜೋಹರಾಬಿ ಅಜ್ಜಿ ಹೇಳಿದ್ಲು, ನಾ ಇಲ್ದಾಗ ನೀ ಗ್ಯಾಸ್ ಸೈತ ಹಚ್ಚಂಗಿಲ್ಲಂತ. ಎರಡೂ ಹೊತ್ತು ಖಾನಾವಳಿದಾಗ ಉಣ್ತಿಯಂತ. ಹಬ್ಬಕ್ಕ ಬಾಗಲಾ ಹಾಕ್ಕೊಂಡ ಮಲಗ್ತಿಯಂತ. ಖರೇ ಏನು?"

"ಆಕಿ ಹಂಗ ಅಂತಿರ್ತಾಳ."

ಪಲ್ಲವಿ ರೊಟ್ಟಿಯನ್ನು ಸಣ್ಣಗೆ ಮುರಿದಳು. "ನಾ ಇಲ್ಲೆ ಇರ್ತೇನಿ ಅಪ್ಪಾ. ಒಂಬತ್ತನೇತ್ತಾ ಇಲ್ಲೆ ಓದ್ತೇನಿ. ಕನ್ನಡ ಬರಿಯೂದು ಮರ್ತೈತಿ, ಕಲೀತೇನಿ."

ಯಾಕೆ ಎಂದು ಕೇಳಲಿಲ್ಲ. ಕೈಗೆ ಬಂದದ್ದಕ್ಕೆ ಕಾರಣ ಕೇಳುವವನು ದಡ್ಡ. ಕೈ ತೊಳೆದು ಹೊರಗೆ ಹೋಗಿ ಜೋಹರಾಬಿಗೆ ಹೇಳಿದೆ, ಶಂಕ್ರೆಪ್ಪನಿಗೆ ಫೋನು ಮಾಡಿ ಹೇಳಿದೆ, ದಾರಿಯಲ್ಲಿ ಸಿಕ್ಕ ಹಾಲಿನವನಿಗೂ ಹೇಳಿದೆ.

ವಿಜಯಶ್ರೀಗೆ ಹೇಳಿದಾಗ ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ, "ಛಲೋ ಆತ್ರಿ ಮಾಮಾ. ಅಕೀ ಚಳಿಗಾಲದ ಅರಿವಿ ಇಲ್ಲೆ ಅದಾವು, ಕಟ್ಟಿ ಇಡ್ತೇನಿ" ಎಂದಳು. ದನಿ ಒಡೆದಿತ್ತು. ಅವಳ ಮೇಲೆ ಇಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ. ಮಕ್ಕಳಿಲ್ಲದ ಹೆಂಗಸು. ಫೋನು ಇಟ್ಟ ಮೇಲೆ ಚಹಾ ಮಾಡಿಕೊಂಡು ಕುಡಿದೆ, ರುಚಿ ಹತ್ತಲಿಲ್ಲ.

ಮೇ ೨೦, ಮಂಗಳವಾರ

ಮಳೆ. ಆಸ್ಪತ್ರೆಯಿಂದ ಬೇಗ ಬಂದೆ. ಪಡಸಾಲೆಯ ಶಹಾಬಾದ ಪರಸಿಗಲ್ಲಿನ ನೆಲದ ಮೇಲೆ ಪಲ್ಲವಿ ಏನೋ ಮಾಡುತ್ತಿದ್ದಳು. ಬಾಗಿಲ ಹೊರಗೇ ನಿಂತು ನೋಡಿದೆ. ಹಿಂಗಾಲಿನಿಂದ ಹಲಗೆಯ ಬಾಲವನ್ನು ಜೋರಾಗಿ ಒತ್ತಿ ಜಿಗಿಯುತ್ತಿದ್ದಳು. ಹಲಗೆ ಅರ್ಧ ಗೇಣು ಎದ್ದು ದಪ್ಪನೆ ಬೀಳುತ್ತಿತ್ತು. ಮತ್ತೆ ಮತ್ತೆ ಮಾಡಿದಳು. ಆಮೇಲೆ ಹಲಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಗೋಡೆಗೆ ಒರಗಿ ಕುಳಿತು ಮೊಬೈಲು ನೋಡತೊಡಗಿದಳು. ಧ್ವನಿ ಬಂದ್ ಮಾಡಿಕೊಂಡು ನೋಡುತ್ತಿದ್ದಳು.

ಪಕ್ಕದಲ್ಲಿ ಕುಳಿತೆ. ಮೊಬೈಲಿನಲ್ಲಿ ಸಿಮೆಂಟಿನ ದೊಡ್ಡ ಬೋಗುಣಿಯಂಥ ಹೊಂಡ. ಹೆಲ್ಮೆಟ್ ಹಾಕಿದ ಹುಡುಗಿಯೊಬ್ಬಳು ಅದರ ಅಂಚಿನಿಂದ ಗಾಳಿಗೆ ಎದ್ದು, ಹಲಗೆಯ ಸಮೇತ ತಿರುಗಿ, ಕೆಳಗಿಳಿದು ಹೋದಳು.

"ಯಾರು ಇಕಿ?"

"ನಾನ."

"ನೀ ಇಷ್ಟ ಮ್ಯಾಲೆ ಹಾರ್ತಿ?"

"ಹಾರ್ತಿದ್ದೆ."

"ಮತ್ತ ಇಲ್ಲೆ ಯಾಕ ಆಗವಲ್ದು?"

"ಈ ಗಾಲಿ ನೆಲಾ ಹಿಡೀತಾವಪ್ಪಾ. ಹೋಗಾಕ ಛಲೋ ಅದಾವು. ಹಾರಾಕ, ಜಾರಾಕ ಸಣ್ಣವು ಗಟ್ಟೀವು ಬೇಕು. ಸಿಮಿಟಿನ ನೆಲಾ ಬೇಕು, ಗೆಳತ್ಯಾರು ಮಂಜರಿ, ಬುಶ್ರಾ ಅವ್ರೆಲ್ಲಾ ಬೇಕು." ನನ್ನ ಮುಖ ನೋಡಿ ಮೊಬೈಲು ಆರಿಸಿದಳು. "ಇಲ್ಲೆ ಹಾರಿ ಏನ್ ಮಾಡೂದೈತಿ ಬಿಡು. ಚಹಾ ಮಾಡ್ಲಿ?"

ಚಹಾ ಚೆನ್ನಾಗಿ ಮಾಡುತ್ತಾಳೆ. ಶುಂಠಿ ಸ್ವಲ್ಪ ಹೆಚ್ಚು.

ಮೇ ೨೨, ಗುರುವಾರ

ಇವತ್ತು ಯಂಕಂಚಿಯ ರೈತ ಭೀಮುಗೆ ಅಷ್ಟು ಬೈಯಬಾರದಿತ್ತು.

ಕುಂಟುವ ಎತ್ತು ಹೊಡೆದುಕೊಂಡು ಬಂದಿದ್ದ. ಸೋಲಾಪುರ ಕಡೆ ಕಬ್ಬಿನ ಬಂಡಿಗೆ ಹೂಡುತ್ತಿದ್ದ ಎತ್ತು, ಹೋದ ತಿಂಗಳು ಕೊಂಡು ತಂದದ್ದು. ಡಾಂಬರಿ ರಸ್ತೆಯಲ್ಲಿ ಗೊರಸು ಸವೆಯಬಾರದೆಂದು ಹೊಡೆಸಿದ್ದ ಕಬ್ಬಿಣದ ನಾಲು ಹಾಗೇ ಇದ್ದವು. ಮಳೆ ಬಿದ್ದೊಡನೆ ಇವನು ಎರೆಹೊಲಕ್ಕೆ ಇಳಿಸಿದ್ದಾನೆ. ಹಸಿ ಎರೆ ಕಚ್ಚಿ ನಾಲು ಸಡಿಲಾಗಿ, ಮೊಳೆ ಒಳಗೆ ಹೊಕ್ಕು ಕೀವಾಗಿತ್ತು. ಎತ್ತು ಕಾಲೂರಲಾರದೆ ನಡುಗುತ್ತಿತ್ತು.

"ಹೊಲಾ ಉಳೂ ಎತ್ತಿಗೆ ರಸ್ತಾದ ನಾಲ ಯಾಕ ಬಿಟ್ಟಿದ್ಯೋ?"

"ಗಟ್ಟಿ ಅದಾವಲ್ರಿ ಸಾಹೇಬ್ರ, ಹೊಸಾವು. ತೆಗಸೂದು ಮನಸಾಗ್ಲಿಲ್ರಿ. ನಡೀತಿತ್ತಲ್ರಿ ಅದೂ ಸುಮ್ಮನ."

ಅಲ್ಲಿಂದ ಶುರುವಾದೆ. ಎತ್ತು ಎಲ್ಲಿ ದುಡಿಯುತ್ತದೆ ಎಂದು ನೋಡಬೇಕೋ, ನಿನ್ನ ಕೈಯಲ್ಲಿ ಏನಿದೆ ಎಂದು ನೋಡಬೇಕೋ? ಮೂಕ ಪ್ರಾಣಿ, ನೋವಾದರೂ ನಿನ್ನ ಹಿಂದೆ ಬರುತ್ತದೆ, ಬರುತ್ತದೆಂದು ಎಳೆದುಕೊಂಡು ಹೋಗುತ್ತೀಯಾ? ಹೀಗೆಲ್ಲ ಕೂಗಾಡಿದೆ. ಭೀಮು ತಲೆ ತಗ್ಗಿಸಿ ನಿಂತ. ಶಂಕ್ರೆಪ್ಪ ನನ್ನ ತೋಳು ಹಿಡಿದು, "ಸಾಕ್ ಬಿಡ್ರಿ ಸಾಹೇಬ್ರ, ನಾಲ ತಗದೇವಲ್ರಿ, ಆರಾಮ ಆಕ್ಕೈತಿ" ಎಂದ. ಇಪ್ಪತ್ತು ವರ್ಷದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಾನು ದನಿ ಎತ್ತಿದ್ದಿಲ್ಲ. ಯಾಕೆ ಹಾಗಾಯಿತೋ ಗೊತ್ತಿಲ್ಲ. ಬಿಸಿಲು ಇರಬೇಕು.

ಮೇ ೨೫, ರವಿವಾರ

ನಿದ್ದೆ ಸರಿಯಾಗುತ್ತಿಲ್ಲ.

ಪಲ್ಲವಿಗೆ ಕನ್ನಡ ಕಾಗುಣಿತ ಹೇಳಿಕೊಟ್ಟೆ. ಶ್ರದ್ಧೆಯಿಂದ ಬರೆದಳು. ಐದು ದಿನದಿಂದ ಹಲಗೆ ಮೂಲೆಯಲ್ಲೇ ಇದೆ. "ಪ್ಲಾಟಿಗೆ ಹೋಗೂಣೇನು?" ಎಂದರೆ, "ನಾಳೆ ಹೋದ್ರಾತು" ಎನ್ನುತ್ತಾಳೆ. ಏನು ಕೇಳಿದರೂ ಹೂಂ ಎನ್ನುತ್ತಾಳೆ, ತಕರಾರಿಲ್ಲ. ಒಳ್ಳೆಯ ಹುಡುಗಿ.

ಮೇ ೨೬, ಸೋಮವಾರ

ನಾಳೆ ಇಬ್ಬರೂ ಪುಣೆಗೆ ಹೋಗುತ್ತೇವೆ. ಅವಳ ಶಾಲೆಯಿಂದ ಟಿ.ಸಿ. ತರಬೇಕು, ಇಲ್ಲಿಯ ಹೆಡ್‌ಮಾಸ್ತರರು ಗುರುವಾರದೊಳಗೆ ಬೇಕೆಂದಿದ್ದಾರೆ. ಬಟ್ಟೆ ತರಬೇಕು. ಪಲ್ಲವಿ ಗೆಳತಿಯರಿಗೆ ಹೇಳಿ ಬರುತ್ತೇನೆ ಎಂದಳು. ಹಲಗೆಯನ್ನೂ ಜೊತೆಗೆ ಕಟ್ಟಿದಳು. "ಯಾಕ?" ಎಂದೆ. "ಮಂಜರಿಗೆ ಕೊಟ್ಟು ಬರ್ತೇನಿ, ಆಕಿ ಸಣ್ಣ ತಂಗೀಗೆ ಬೇಕಂತ" ಎಂದಳು. ಮಾರುವ ಕರುವಿನ ಕೊರಳಿಗೆ ಹಗ್ಗ ಹಾಕುವವರು ಹೀಗೇ ಬೇರೆ ಕಡೆ ನೋಡುತ್ತ ಗಂಟು ಹಾಕುತ್ತಾರೆ.

ಮೇ ೨೮, ಬುಧವಾರ. ಸೋಲಾಪುರ ಬಸ್ ಸ್ಟ್ಯಾಂಡು

ಸಿಂದಗಿಯ ಬಸ್ಸಿಗೆ ಇನ್ನೂ ಹೊತ್ತಿದೆ. ಪಕ್ಕದ ಸೀಟಿನಲ್ಲಿ ಯಾರದೋ ಚೀಲ.

ಪುಣೆಯಲ್ಲಿ ಬ್ಯಾಗು ವಿಜಯಶ್ರೀಯ ಮನೆಯಲ್ಲಿಟ್ಟು, ಬೆಳಿಗ್ಗೆ ಮೊದಲು ಪಲ್ಲವಿ ಆಡುತ್ತಿದ್ದ ಉದ್ಯಾನಕ್ಕೆ ಹೋದೆವು, ಟಿ.ಸಿ. ಕೊಡುವ ಶಾಲೆಯ ಆಫೀಸು ತೆರೆಯಲು ಇನ್ನೂ ಸಮಯವಿತ್ತು. ಮೊಬೈಲಿನಲ್ಲಿ ನೋಡಿದ ಸಿಮೆಂಟಿನ ಹೊಂಡವೇ. ಏಳೆಂಟು ಹುಡುಗಿಯರು ಓಡಿ ಬಂದು ಪಲ್ಲವಿಯನ್ನು ಮುತ್ತಿಕೊಂಡರು. ಎಲ್ಲರೂ ಒಟ್ಟಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದರು, ಪಲ್ಲವಿ ಎಲ್ಲರಿಗಿಂತ ಜೋರಾಗಿ. ನನ್ನ ಮಗಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಮಂಜರಿ ಎಂಬ ಹುಡುಗಿ ತನ್ನ ಹಲಗೆ ಕೊಟ್ಟಳು. ಪಲ್ಲವಿ ಅಂಚಿನಲ್ಲಿ ನಿಂತು ನನ್ನ ಕಡೆ ಒಮ್ಮೆ ನೋಡಿ ಇಳಿದಳು. ಮೊದಲ ಸಲ ಬಿದ್ದಳು. ನಾನು ಎದ್ದು ನಿಂತೆ, ಅವಳು ಆಗಲೇ ಎದ್ದು ಮೇಲೆ ಹತ್ತುತ್ತಿದ್ದಳು. ಎರಡನೆಯ ಸಲ ಹೊಂಡದ ಆ ಅಂಚಿನಿಂದ ಗಾಳಿಗೆ ಎದ್ದಳು. ಗೆಳತಿಯರೆಲ್ಲ ತಮ್ಮ ತಮ್ಮ ಹಲಗೆಯನ್ನು ನೆಲಕ್ಕೆ ಕುಟ್ಟಿದರು. ಅವರಲ್ಲಿ ಅದೇ ಚಪ್ಪಾಳೆಯಂತೆ. ಪಲ್ಲವಿ ಬಾಯಿ ತುಂಬ ನಗುತ್ತ ಇಳಿದಳು. ಸಿಂದಗಿಯಲ್ಲಿ ಒಂದು ತಿಂಗಳು ನಕ್ಕದ್ದೂ ನಗುವೇ. ಆದರೆ ಅದು ನನಗಾಗಿ ನಕ್ಕದ್ದು ಎಂದು ಇವತ್ತು ನೋಡಿದ ಮೇಲೆ ತಿಳಿಯಿತು. ನೋವಾಯಿತು, ಸುಳ್ಳು ಯಾಕೆ ಹೇಳಲಿ.

ಉದ್ಯಾನದ ಎದುರಿಗೇ ಇದೇ ಸಾಮಾನಿನ ಅಂಗಡಿ ಇದೆ. "ಬಾ" ಎಂದು ಕರೆದುಕೊಂಡು ಹೋದೆ. ಹಲಗೆಯನ್ನು ಮಂಜರಿಯ ತಂಗಿಗೆ ಇನ್ನೂ ಕೊಟ್ಟಿರಲಿಲ್ಲ, ಬಗಲಲ್ಲೇ ಇತ್ತು. ಗಾಲಿ ತೋರಿಸು ಎಂದೆ. ಅಂಗಡಿಯವನು ಎರಡು ತರಹದವನ್ನು ಗಾಜಿನ ಮೇಲೆ ಇಟ್ಟು, ರಸ್ತೆಗೆ ಈ ಮೆತ್ತಗಿನವು, ಎದುರಿನ ಹೊಂಡಕ್ಕೆ ಈ ಗಟ್ಟಿಯವು ಎಂದು ಮರಾಠಿಯಲ್ಲಿ ಹೇಳಿದ.

"ರಸ್ತಾದ್ವು ಅದಾವಲ್ಲಪ್ಪಾ. ಮತ್ಯಾಕ?" ಎಂದಳು ಪಲ್ಲವಿ.

ನಾನು ಗಟ್ಟಿಯವನ್ನು ಅವಳ ಮುಂದೆ ಸರಿಸಿದೆ. "ಇದರಾಗ ಯಾವ ನಂಬರಿಂದು ನಿನಗ ಬೇಕು, ನೀನ ನೋಡಿ ತಗೋ."

ಅವಳು ಮುಟ್ಟಲಿಲ್ಲ. "ಅಪ್ಪಾ, ಇವು ಸಿಂದಗ್ಯಾಗ ನಡ್ಯಂಗಿಲ್ಲ."

"ಗೊತ್ತೈತಿ."

"ಮತ್ತ ನೀ?"

"ನನಗೇನಾಗೇತಿ? ಜೋಹರಾಬಿ ಕಡೆ ರೊಟ್ಟಿ ಬಡಿಯೂದು ಕಲೀತೇನಿ. ಶಾಲಿ ಸೂಟಿಗೆ ನೀ ಬಂದಾಗ ತಿಂದು ನೋಡು."

ಅಂಗಡಿಯವನ ಎದುರಿಗೇ ನನ್ನ ತೋಳಿಗೆ ಹಣೆ ಇಟ್ಟು ಅತ್ತಳು. ಹದಿನಾಲ್ಕು ವರ್ಷದ ಹುಡುಗಿ. ನಾನು ಗಾಜಿನ ಕೆಳಗಿನ ಗಾಲಿಗಳನ್ನು ನೋಡುತ್ತ ನಿಂತಿದ್ದೆ, ಕೆಂಪು, ಹಳದಿ, ಬಿಳಿ, ಎಲ್ಲವೂ ಒಂದರೊಳಗೊಂದು ಕಲಸಿಹೋದವು. ಆಮೇಲೆ ಅವಳು ಮೂಗು ಒರೆಸಿಕೊಂಡು, ಒಂದೊಂದನ್ನೇ ಬೆಳಕಿಗೆ ಹಿಡಿದು, ಬಹಳ ಹೊತ್ತು ತಗೊಂಡು ಬಿಳಿಯವನ್ನು ಆರಿಸಿದಳು.

ಹಿಂದಿರುಗುವಾಗ ಅವಳ ಶಾಲೆ ದಾರಿಯಲ್ಲೇ ಇತ್ತು. ಆಫೀಸಿನ ಬಾಗಿಲು ತೆರೆದಿತ್ತು, ಒಳಗೆ ಯಾರೋ ಫ್ಯಾನಿನ ಕೆಳಗೆ ಕುಳಿತಿದ್ದರು. ನಾವು ಒಳಗೆ ಹೋಗಲಿಲ್ಲ.